ಉಂಗುರ ಮರೆತ ರಾಜ

ಹನ್ನೆರಡೂವರೆಗೆ ಊಟ ಮುಗಿಸಿ ಬಂದ ಹೆಂಗಸರು ಮೆಟ್ಟಿಲ ಬುಡದಲ್ಲಿ ಹೆಣ ನೋಡಿದರು.

ಅವರದು ಶೂಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸ. ಗೋದಾಮು ನೆಲಮಾಳಿಗೆಯಲ್ಲಿತ್ತು. ಬೀದಿಯಿಂದ ಹದಿನಾಲ್ಕು ಕಲ್ಲು ಮೆಟ್ಟಿಲು ಇಳಿಯಬೇಕು. ಕೊನೆಯ ಮೆಟ್ಟಿಲ ಮೇಲೆ ಐವತ್ತೈದು ದಾಟಿದ ಒಬ್ಬ ಮನುಷ್ಯ ಮಗ್ಗುಲಾಗಿ ಬಿದ್ದಿದ್ದ, ನಿದ್ದೆಯಲ್ಲಿ ಹೊರಳಿದವನ ಹಾಗೆ. ಪಕ್ಕದಲ್ಲಿ ಹೆಂಗಸರು ಹಿಡಿಯುವ ಒಂದು ಕಂದು ಕೈಚೀಲ. ಆಚೆ ಈಚೆ ಇಬ್ಬರು ಗಂಡಸರು ನಿಂತಿದ್ದರು. ಅವರಲ್ಲಿ ಗೀರು ಅಂಗಿ ತೊಟ್ಟ ಹಿರಿಯ, ತಾವು ಪೊಲೀಸರೆಂದೂ ಇವನು ಕಳ್ಳನೆಂದೂ ಈಗಷ್ಟೇ ಬಿದ್ದನೆಂದೂ ಹೇಳಿದ. ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಅವನನ್ನು ನೋಡಿದರೆ ಪೊಲೀಸನ ಹಾಗೂ ಕಾಣುತ್ತಿರಲಿಲ್ಲ, ಬೇರೆ ಯಾರ ಹಾಗೂ ಕಾಣುತ್ತಿರಲಿಲ್ಲ.

ಗೋದಾಮಿನೊಳಗೆ ಇಬ್ಬರು ನಗುತ್ತಾ ಮಾತಾಡುತ್ತಿದ್ದರು. ಅದು ರೇಡಿಯೋ. ಹನ್ನೊಂದೂವರೆಗೆ ಊಟಕ್ಕೆ ಎದ್ದಾಗ ಹೆಂಗಸರು ಅದನ್ನು ಆರಿಸಲು ಮರೆತಿದ್ದರು.

ಹತ್ತು ನಿಮಿಷದಲ್ಲಿ ಠಾಣೆಯ ಇನ್ಸ್‌ಪೆಕ್ಟರ್ ಬಂದಳು. ಗೀರು ಅಂಗಿಯವನು ಅವಳ ಹೆಡ್ ಕಾನ್ಸ್‌ಟೇಬಲ್. ಠಾಣೆಗೆಲ್ಲ ಅವನು ಮಾವ. ಅವಳು ಹೊಸದಾಗಿ ಕೆಲಸಕ್ಕೆ ಸೇರಿದಾಗ ಲಾಠಿ ಹಿಡಿಯಲು ಕಲಿಸಿದವನು. ಇನ್ನೊಬ್ಬ ಜೀಪಿನ ಚಾಲಕ. ಕೈಚೀಲ ಕಸಿಯುವವನೊಬ್ಬ ಈ ಬೀದಿಯಲ್ಲಿ ಮೂರು ಸಲ ಕೈಚಳಕ ತೋರಿಸಿದ್ದ. ಅವನನ್ನು ಹಿಡಿಯಲು ಇವರಿಬ್ಬರೂ ಬೆಳಗಿನಿಂದ ಸಾದಾ ಬಟ್ಟೆಯಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು.

ಅವಳು ಕೇಳುವ ಮೊದಲೇ ಮಾವ ಜೇಬಿನಿಂದ ಗುರುತಿನ ಕಾರ್ಡು ತೆಗೆದು ತೋರಿಸಿದ. ಪ್ಲಾಸ್ಟಿಕ್ಕಿನ ಒಳಗೆ ನೀರು ಇಳಿದು ಫೋಟೋದಲ್ಲಿ ಅವನ ಗದ್ದ ಉಬ್ಬಿತ್ತು. ಬೆವರಿರಬೇಕು ಎಂದುಕೊಂಡಳು.

“ಮುಖ ಮುಚ್ಕೊಂಡು ಬರ್ತಿದ್ದ ಕಣಮ್ಮ. ತಡೆದೆ. ಕಾರ್ಡು ಅವನ ಕೈಗೇ ಕೊಟ್ಟೆ. ಮೂಗಿನ ಹತ್ರ ಹಿಡ್ಕೊಂಡು ನನ್ನ ಹೆಸರು, ನಂಬರು, ಎಲ್ಲ ಓದಿದ. ಆಮೇಲೆ ಏನೋ ಚೂಪಾದದ್ದರಲ್ಲಿ ಚುಚ್ಚಿ ಓಡಿದ. ಕಾಲು ಜಾರ್ತು.”

ಅಂಗೈ ಚಾಚಿದ. ನಡುವೆ ಸಣ್ಣ ತೂತು, ಒಂದು ಹನಿ ಒಣಗಿದ ರಕ್ತ. ಚೂಪಾದದ್ದು ಎಲ್ಲಿ ಎಂದು ಕೇಳಿದರೆ ಚರಂಡಿಗೆ ಬಿದ್ದಿರಬೇಕು ಎಂದ. ಚರಂಡಿಯಲ್ಲಿ ಎಲೆ ಮತ್ತು ಶೂ ಪೆಟ್ಟಿಗೆಯ ಚೂರು ಬಿಟ್ಟರೆ ಏನೂ ಸಿಗಲಿಲ್ಲ.

ಹೊರಡುವಾಗ ಮಾವ ಬೈಕಿನ ಕೀಲಿಯನ್ನು ಚಾಲಕನ ಕೈಗೆ ಹಾಕಿದ. ಚಾಲಕ ಹೆಣದ ತುಟಿಯನ್ನೇ ನೋಡುತ್ತಿದ್ದ.

*

ಠಾಣೆಯ ಮೇಜಿನ ಮೇಲೆ ಅವಳು ಕೈಚೀಲ ಬಿಚ್ಚಿದಳು. ಮೂರನೇ ದೂರಿನಲ್ಲಿದ್ದದ್ದೂ ಕಂದು ಚೀಲವೇ. ಹಾಗಾದರೆ ಮಾವ ಹೇಳಿದ್ದು ನಿಜ. ಕಳ್ಳ, ಓಡಿದ, ಸತ್ತ. ಮೂರು ಪದದಲ್ಲಿ ಕಡತ ಮುಚ್ಚಬಹುದಿತ್ತು.

ಒಳಗೆ ಒಂದು ಚೀಟಿ ಮಾತ್ರ ಇತ್ತು. ಕಣ್ಣಿನ ಆಸ್ಪತ್ರೆಯದು. ರೋಗಿಯ ಹೆಸರು, ಕೆಳಗೆ ಉದ್ಯೋಗ: ಪುಸ್ತಕ ಕಟ್ಟುವುದು. ಹೊರಟ ಸಮಯ ಹನ್ನೊಂದು ನಲವತ್ತು.

ಅವಳು ಚೀಲದ ಪಟ್ಟಿಯನ್ನು ಬೆಳಕಿಗೆ ಹಿಡಿದಳು. ಕಿತ್ತುಹೋಗಿದ್ದ ಪಟ್ಟಿಯನ್ನು ಯಾರೋ ಹೊಸದಾಗಿ ಹೊಲಿಯುತ್ತಿದ್ದರು. ಮೇಣ ಹಚ್ಚಿದ ದಪ್ಪ ಬಿಳಿ ದಾರ. ಎರಡು ಹೊಲಿಗೆಗೊಂದು ಪುಟ್ಟ ಗಂಟು. ಕೆಲಸ ಅರ್ಧಕ್ಕೆ ನಿಂತಿತ್ತು, ದಾರ ಕತ್ತರಿಸಿರಲಿಲ್ಲ. ಸೂಜಿ ಪಟ್ಟಿಯ ಮಡಿಕೆಯಲ್ಲಿ ಅಡಗಿ ಕೂತಿತ್ತು, ಮೊನೆ ಮಾತ್ರ ಹೊರಗೆ.

ಮೇಜಿನ ಮೇಲೆ ಠಾಣೆಯ ದಿನಚರಿ ಪುಸ್ತಕ ಬಿದ್ದಿತ್ತು. ಅದರ ಬೆನ್ನು ತಿರುಗಿಸಿದಳು. ಅದೇ ಬಿಳಿ ದಾರ, ಎರಡು ಹೊಲಿಗೆಗೊಂದು ಗಂಟು. ಆರು ವರ್ಷದಿಂದ ಅವಳು ಊರಿನ ಕಳ್ಳರ ಹೆಸರೆಲ್ಲ ಬರೆದದ್ದು ಈ ಮನುಷ್ಯ ಕಟ್ಟಿಕೊಟ್ಟ ಪುಟಗಳಲ್ಲಿ.

*

ಠಾಣೆಯ ಪುಸ್ತಕ ಕಟ್ಟಿಸುವ ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಒಲೆಯ ಮೇಲೆ ಅಂಟು ಕಾಯುತ್ತಿತ್ತು. ಕಾಗದ ಕತ್ತರಿಸುವ ಹೆಂಗಸು ಯಂತ್ರ ನಿಲ್ಲಿಸಿ ಬಂದಳು. ಯಜಮಾನ ಊರಲ್ಲಿಲ್ಲ, ಮಾತಾಡಲು ತಾನೇ ಗತಿ ಎಂದಳು. ಇನ್ನೂ ಸುದ್ದಿ ತಿಳಿಯದೆ ನಗುತ್ತಲೇ ಹೇಳಿದಳು. ಬೈಂಡರಣ್ಣ ಕಣ್ಣು ತೋರಿಸಲು ಹೋಗಿದ್ದಾರೆ, ಹನ್ನೆರಡಕ್ಕೆ ಬರುತ್ತೇನೆ ಅಂದವರು ಇನ್ನೂ ಇಲ್ಲ, ಮಗಳ ಚೀಲ ಹೊಲಿಯುತ್ತಾ ಹೊಲಿಯುತ್ತಾ ಹೊತ್ತಾಯಿತೆಂದು ಹಾಗೇ ಎತ್ತಿಕೊಂಡು ಹೋದರು, ಸೂಜಿಯಾದರೂ ತೆಗೀರಣ್ಣ ಅಂದರೆ, ಸರದಿಯಲ್ಲಿ ಕೂತಾಗ ನಾಲ್ಕು ಹೊಲಿಗೆ ಹಾಕುತ್ತೇನೆ ಅಂದರು.

ಅವನ ಮೇಜಿನ ಮೇಲೆ ದಬ್ಬಳ, ಚಾಕು, ಕತ್ತರಿ ಸಾಲಾಗಿದ್ದವು. ಒಂದೂ ಕಡಿಮೆಯಿರಲಿಲ್ಲ.

ಮೇಲೆ ಗೋಡೆಗೆ ಒಂದು ಕಾಗದ ಅಂಟಿಸಿತ್ತು. ಇನ್ಸ್‌ಪೆಕ್ಟರ್ ಅದನ್ನು ಓದಬೇಕಾಗಿರಲಿಲ್ಲ. ಅವಳೇ ಬರೆದದ್ದು. ಮೂರು ವಾರದ ಹಿಂದೆ ನಕಲಿ ಪೊಲೀಸರ ತಂಡವೊಂದು ಇಬ್ಬರು ಮುದುಕರನ್ನು ತಡೆದು ದೋಚಿತ್ತು. ಆಗ ಅವಳು ಅಂಗಡಿ, ಕಾರ್ಖಾನೆ ಸುತ್ತಿ ಭಾಷಣ ಮಾಡಿ ಈ ಕಾಗದ ಹಂಚಿದ್ದಳು. ಸಾದಾ ಬಟ್ಟೆಯವರು ಪೊಲೀಸ್ ಎಂದರೆ ನಂಬಬೇಡಿ. ಕಾರ್ಡು ಕೇಳಿ. ತೋರಿಸದಿದ್ದರೆ ವಾದ ಮಾಡುತ್ತಾ ನಿಲ್ಲಬೇಡಿ. ಜನರ ದನಿ ಕೇಳುವ ಕಡೆಗೆ ಓಡಿ. ಕೆಳಗೆ ಅವಳ ಸಹಿ.

“ನೀವು ಹೋದ ಮೇಲೆ ನಮ್ಮೆಲ್ಲರ ಕೈಲೂ ಬಾಯಿಪಾಠ ಹೇಳಿಸಿದ್ರು,” ಎಂದಳು ಹೆಂಗಸು. “ಮೇಷ್ಟ್ರ ಥರ. ತಪ್ಪಿದ್ರೆ ಇನ್ನೊಂದ್ಸಲ.”

ಇನ್ಸ್‌ಪೆಕ್ಟರ್ ಸುದ್ದಿ ಹೇಳಿದಳು. ಹೆಂಗಸು ಅಂಟಿನ ಒಲೆ ಆರಿಸಿದಳು. ಅದನ್ನು ಆರಿಸುವುದು ಅಣ್ಣನ ಕೆಲಸ, ತಾನು ಯಾವತ್ತೂ ಮುಟ್ಟಿದವಳಲ್ಲ ಎಂದಳು.

*

ಕಣ್ಣಿನ ಆಸ್ಪತ್ರೆಯ ನರ್ಸಿಗೆ ಅವನು ಚೆನ್ನಾಗಿ ನೆನಪಿದ್ದ. ಜೊತೆಗೆ ಯಾರಾದರೂ ಬರಬೇಕು ಎಂದು ಮೊದಲೇ ಹೇಳಿದ್ದರಂತೆ. ಮಗಳಿಗೆ ಬಟ್ಟೆ ಅಂಗಡಿಯಲ್ಲಿ ರಜೆ ಸಿಗಲಿಲ್ಲ, ಐದೇ ನಿಮಿಷದ ದಾರಿ, ನಾನೇನು ಮಗುವೇ ಎಂದು ಒಬ್ಬನೇ ಬಂದಿದ್ದ. ಎರಡೂ ಕಣ್ಣಿಗೆ ಮೂರು ಸಲ ಹನಿ ಹಾಕಿದ್ದರು. ಕಣ್ಣಿನ ಪಾಪೆ ಅಗಲವಾಗುವ ಹನಿ. ಬಿಸಿಲಿಗೆ ಕೊಡುವ ಕಪ್ಪು ಕನ್ನಡಕ ಇವತ್ತು ಮುಗಿದುಹೋಗಿತ್ತು.

“ಕೈ ಅಡ್ಡ ಹಿಡ್ಕೊಂಡು ಹೋಗಿ ಅಂದೆ.” ನರ್ಸು ತನ್ನ ಕೈಯನ್ನೇ ಮುಖದ ಮುಂದೆ ಹಿಡಿದು ತೋರಿಸಿದಳು. “ಹೀಗೆ.”

ಮುಖ ಮುಚ್ಚಿಕೊಂಡವನ ಹಾಗೇ ಕಂಡಿತು.

ಅವನಿಗೆ ಓದಲು ಆಗುತ್ತಿತ್ತೇ ಎಂದು ಇನ್ಸ್‌ಪೆಕ್ಟರ್ ಕೇಳಿದಳು. ಎಲ್ಲಿಯ ಓದು, ಅವರ ಚೀಟಿಯನ್ನು ಅವರಿಗೆ ತಾನೇ ಓದಿ ಹೇಳಿದೆ, ನಾಲ್ಕೈದು ಗಂಟೆ ಹತ್ತಿರದ್ದೇನೂ ಕಾಣುವುದಿಲ್ಲ ಎಂದಳು ನರ್ಸು.

ಇನ್ಸ್‌ಪೆಕ್ಟರ್ ಟೋಪಿ ತೆಗೆದು, ಅವನು ಕೂತಿದ್ದ ಕುರ್ಚಿಯಲ್ಲೇ ಕೂತು ತಲೆ ಹಿಂದಕ್ಕೆ ವಾಲಿಸಿದಳು.

“ನನಗೂ ಹಾಕಿ.”

ಹನಿ ಉರಿಯುತ್ತಾ ಇಳಿಯಿತು. ಕಣ್ಣು ಮುಚ್ಚಿ ಅರ್ಧ ಗಂಟೆ ಕಾಯುವಾಗ ಅವಳಿಗೆ ಅಜ್ಜಿ ನೆನಪಾದಳು. ಅಜ್ಜಿಯ ಕಥೆಗಳಲ್ಲಿ ಒಬ್ಬ ರಾಜ ಮಾರುವೇಷದಲ್ಲಿ ಊರು ಸುತ್ತುತ್ತಿದ್ದ. ಯಾರದೋ ಕದ ತಟ್ಟುತ್ತಿದ್ದ, ಯಾರನ್ನೋ ದಾರಿಯಲ್ಲಿ ಅಡ್ಡಗಟ್ಟುತ್ತಿದ್ದ. ಕೊನೆಗೆ ಕಂಬಳಿ ಸರಿಸಿ ಮುದ್ರೆಯುಂಗುರ ತೋರಿಸುತ್ತಿದ್ದ. ಎಲ್ಲರೂ ಕೈ ಮುಗಿಯುತ್ತಿದ್ದರು, ಕಥೆ ಮುಗಿಯುತ್ತಿತ್ತು. ಪೊಲೀಸ್ ಆಗಬೇಕೆಂದು ಅವಳಿಗೆ ಆಸೆ ಹುಟ್ಟಿದ್ದೇ ಆ ಉಂಗುರದಿಂದ.

*

ಅವಳು ಕೈ ಅಡ್ಡ ಹಿಡಿದುಕೊಂಡು ಠಾಣೆಯೊಳಗೆ ಬಂದಾಗ ಮಾವ ನಕ್ಕ. “ಏನಮ್ಮ, ಕಣ್ಣು ಬಂದಿದ್ಯಾ?”

“ಕಾರ್ಡು ಕೊಡು ಮಾವ.”

ಕೊಟ್ಟ. ಅವಳು ಅದನ್ನು ಮೂಗಿನ ಹತ್ತಿರ ಹಿಡಿದಳು. ಬಿಳಿ ಮಂಜು. ಅದರಲ್ಲಿ ಹೆಸರಿಲ್ಲ, ನಂಬರಿಲ್ಲ, ಮುಖವೂ ಇಲ್ಲ. ಕಾಣಲಿಲ್ಲ, ಆದರೆ ವಾಸನೆ ಬಂತು. ಬಟ್ಟೆ ತೊಳೆಯುವ ಸೋಪಿನ ವಾಸನೆ.

ಅವಳು ದನಿ ಏರಿಸದೆ ಹೇಳುತ್ತಾ ಹೋದಳು. ಈ ಹನಿ ಹಾಕಿಸಿಕೊಂಡ ಯಾರೂ ಕಾರ್ಡು ಓದಲಾರರು. ಬೈಂಡರ್ ನಿನ್ನ ನಂಬರು ಓದಿದನೆಂಬುದು ಸುಳ್ಳು. ಚುಚ್ಚಿದ್ದು ಅವನಲ್ಲ, ಚೀಲದಲ್ಲಿದ್ದ ಸೂಜಿ. ನೀನು ಚೀಲ ಎಳೆದೆ, ಚುಚ್ಚಿಕೊಂಡಿತು, ಮತ್ತೆ ಅದನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಒಳಗಿದ್ದ ಚೀಟಿ ಸಿಗುತ್ತಿತ್ತು. ಹನ್ನೊಂದು ನಲವತ್ತಕ್ಕೆ ಆಸ್ಪತ್ರೆ ಬಿಟ್ಟವನು ಐದು ನಿಮಿಷದಲ್ಲಿ ಆ ಮೆಟ್ಟಿಲ ಹತ್ತಿರ ಬಂದಿರುತ್ತಾನೆ. ಹೆಂಗಸರು ನೋಡಿದ್ದು ಹನ್ನೆರಡೂವರೆಗೆ. ನಡುವೆ ಮುಕ್ಕಾಲು ಗಂಟೆ. ಮಳೆಯಿಲ್ಲದ ದಿನ ಕಾರ್ಡು ಒದ್ದೆಯಾದದ್ದು ಹೇಗೆ? ಸಮವಸ್ತ್ರದ ಜೇಬಿನಲ್ಲಿತ್ತು. ಸಮವಸ್ತ್ರ ಮನೆಯಲ್ಲಿ ಸೋಪಿನ ನೀರಿನಲ್ಲಿ ನೆನೆಯುತ್ತಿತ್ತು. ಹೆಂಡತಿಗೂ ಬೈಕು ಕೊಡದ ಚಾಲಕನ ಕೀಲಿ ನಿನ್ನ ಕೈಯಲ್ಲಿತ್ತು.

“ಕಾರ್ಡು ತರೋಕೆ ನೀನು ಮನೆಗೆ ಹೋಗಿದ್ದೆ. ಅಲ್ವಾ ಮಾವ?”

ಉತ್ತರ ಬಂದದ್ದು ಬಾಗಿಲ ಹತ್ತಿರದಿಂದ.

“ಉಸಿರಾಡ್ತಿದ್ರು ಮೇಡಂ.”

ಚಾಲಕ ಗೋಡೆಗೆ ಒರಗಿ ಕೂತುಬಿಟ್ಟಿದ್ದ. ನಿಧಾನವಾಗಿ ಹೇಳಿದ. ತಡೆದಾಗ ಆ ಮನುಷ್ಯ ಬಹಳ ಮರ್ಯಾದೆಯಿಂದ ಕಾರ್ಡು ತೋರಿಸಿ ಅಂದನಂತೆ. ನನಗೇ ಕಾನೂನು ಹೇಳ್ತೀಯಾ ಎಂದು ಮಾವ ಚೀಲಕ್ಕೆ ಕೈ ಹಾಕಿದ. ಸೂಜಿ ಚುಚ್ಚಿತು, ಕೈ ಬಿಟ್ಟ. ಆಗ ಕೆಳಗೆ ಗೋದಾಮಿನಲ್ಲಿ ಯಾರೋ ನಕ್ಕ ಸದ್ದು. ಆ ಮನುಷ್ಯ ಆ ದನಿಯ ಕಡೆಗೆ ಓಡಿದ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಮೊದಲ ಮೆಟ್ಟಿಲೇ ತಪ್ಪಿತು. ಮಾವ ಕಾರ್ಡು ತರಲು ಹೋದ. ಫೋನು ಮುಟ್ಟಿದರೆ ಇಬ್ಬರ ಕೆಲಸವೂ ಹೋಗುತ್ತದೆ ಎಂದು ಹೇಳಿ ಹೋದ.

“ನೀರು ಕೇಳಿದ್ರು. ಆಮೇಲೆ, ದಯವಿಟ್ಟು ಪೊಲೀಸ್ನ ಕರೀರಿ ಅಂದ್ರು. ನಾನೇ ಪೊಲೀಸ್ ಅಂದೆ. ಅವರು ನಂಬ್ಲಿಲ್ಲ ಮೇಡಂ. ಅರ್ಧ ಗಂಟೆ ಅದನ್ನೇ ಕೇಳ್ತಿದ್ರು.”

ಮಾವನ ಆಕಾರ ಮಸುಕಾಗಿ ಎದ್ದು ನಿಂತಿತು. ಅವಳಿಗೆ ಅವನ ಕಣ್ಣು ಕಾಣಲಿಲ್ಲ. ಅಷ್ಟಾದರೂ ಒಳ್ಳೆಯದಾಯಿತು ಎನ್ನಿಸಿತು.

“ರಿಟೈರಾಗೋಕೆ ಎರಡು ವರ್ಷ ಉಳಿದಿತ್ತು ನಂಗೆ,” ಎಂದ ಮಾವ. ಆಮೇಲೆ ಮೆಲ್ಲಗೆ, ಹಿಂದೆ ಲಾಠಿ ಹಿಡಿಯಲು ಕಲಿಸುವಾಗಿನ ದನಿಯಲ್ಲೇ, “ಓಡು ಅಂತ ಊರಿಗೆಲ್ಲ ಹೇಳ್ಕೊಟ್ಟವಳು ನೀನಲ್ವೇನಮ್ಮ?”

ಅವಳು ದಿನಚರಿ ಪುಸ್ತಕ ತೆರೆದಳು. ಇಬ್ಬರ ಬಂಧನವನ್ನೂ ಬರೆದಳು. ಕೊನೆಗೆ ಇನ್ನೊಂದು ಸಾಲು ಸೇರಿಸಿದಳು: ಮೃತರು ಈ ಠಾಣೆಯ ಸೂಚನೆಯಂತೆಯೇ ನಡೆದುಕೊಂಡಿದ್ದರು. ಗೆರೆ ಕಾಣದೆ ಅಕ್ಷರಗಳು ಒಂದರ ಮೇಲೊಂದು ಹತ್ತಿದವು.

*

ಮಗಳು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದಳು. ಬಟ್ಟೆ ಅಂಗಡಿಯ ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಓಣಿಯಲ್ಲಿ ಆಗಲೇ ಕಳ್ಳನ ಮಗಳು ಎಂದಾಗಿತ್ತು. ಗೋದಾಮಿನ ಹೆಂಗಸರು ಮಾವ ಹೇಳಿದ್ದನ್ನೇ ಹತ್ತು ಜನಕ್ಕೆ ಹೇಳಿದ್ದರು. ಅವಳು ಬಂದದ್ದು ಒಂದೇ ಮಾತು ಕೇಳಲು.

“ಅಪ್ಪ ಕಳ್ಳನ ಹಾಗೆ ಓಡಿದ್ರಾ?”

“ಇಲ್ಲ. ನಾನು ಹೇಳ್ಕೊಟ್ಟ ಹಾಗೆ ಓಡಿದ್ರು.”

ಇನ್ಸ್‌ಪೆಕ್ಟರ್ ಎಲ್ಲವನ್ನೂ ಹೇಳಿದಳು. ಮುಕ್ಕಾಲು ಗಂಟೆಯನ್ನೂ ಬಿಡಲಿಲ್ಲ, ನೀರನ್ನೂ ಬಿಡಲಿಲ್ಲ. ಮಗಳು ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೇಳಿಸಿಕೊಂಡಳು. ಎರಡು ಗಂಟೆ ರಜೆ ಕೊಟ್ಟಿದ್ದರೆ ತಾನು ಜೊತೆಗಿರುತ್ತಿದ್ದೆ ಎಂದಳು. ಚೀಲ ಕೊಡುತ್ತೀರಾ ಎಂದಳು. ಅದು ಸಾಕ್ಷಿ, ಈಗ ಕೊಡಲಾಗುವುದಿಲ್ಲ. ಸೂಜಿಯೂ ಸಾಕ್ಷಿ.

“ನಿಮ್ಮ ಕಾಗದ ನಮ್ಮನೆಯಲ್ಲೂ ಇದೆ,” ಎಂದಳು ಮಗಳು. “ಅಪ್ಪ ಬಾಗಿಲ ಹಿಂದೆ ಅಂಟಿಸಿದ್ರು. ನಾಳೆ ಯಾರಾದ್ರೂ ನನ್ನ ತಡೆದು ಪೊಲೀಸ್ ಅಂದ್ರೆ, ನಾನು ನಿಲ್ಲಬೇಕಾ, ಓಡಬೇಕಾ?”

ಅಜ್ಜಿಯ ಕಥೆಯಲ್ಲಿ ರಾಜ ಉಂಗುರವನ್ನು ಒಮ್ಮೆಯೂ ಮನೆಯಲ್ಲಿ ಮರೆತಿರಲಿಲ್ಲ. ಮರೆತಿದ್ದರೆ ಏನಾಗುತ್ತಿತ್ತು ಎಂದು ಇನ್ಸ್‌ಪೆಕ್ಟರ್ ಯಾವತ್ತೂ ಕೇಳಿರಲಿಲ್ಲ.

ಉತ್ತರಕ್ಕೆ ಕಾದು ಮಗಳು ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಇನ್ಸ್‌ಪೆಕ್ಟರ್ ಕೂಡ ಬೀದಿಗೆ ಇಳಿದಳು. ಹಂಚಿದ ಕಾಗದ ಎಲ್ಲೆಲ್ಲಿ ಅಂಟಿದೆಯೋ ಅಲ್ಲೆಲ್ಲ ಹೋಗಬೇಕಿತ್ತು, ಹೋಗಿ ಏನು ಹೇಳಬೇಕೆಂದು ತಿಳಿದಿರಲಿಲ್ಲ. ಇಳಿಬಿಸಿಲು ಕಣ್ಣಿಗೆ ಸೂಜಿಯ ಹಾಗೆ ಹೊಕ್ಕಿತು. ಅವಳು ಅಂಗೈಯಿಂದ ಮುಖ ಮುಚ್ಚಿಕೊಂಡು ಗೋಡೆ ಹಿಡಿದು ನಡೆದಳು. ಎದುರು ಬಂದ ಜನ ಸಮವಸ್ತ್ರ ನೋಡಿ ದಾರಿ ಬಿಟ್ಟರು. ಮುಖ ಯಾಕೆ ಮುಚ್ಚಿಕೊಂಡಿದ್ದೀಯ ಎಂದು ಅವಳನ್ನು ಯಾರೂ ತಡೆದು ಕೇಳಲಿಲ್ಲ.