ಐವತ್ನಾಲ್ಕನೇ ನಂಬರಿನವನು ಚೆನ್ನಾಗಿ ಆಡುತ್ತಾನೆ

"ಇಲ್ಲಿ ನೋಡು, ಎವ್. ಚೆಂಡು ಈಗಷ್ಟೇ ಅಲ್ಲಾಡ್ತು. ಐವತ್ನಾಲ್ಕು ಆಗ್ಲೇ ಹೊರಟುಬಿಟ್ಟಿದಾನೆ."

ಬ್ರಿಟ್ಟಾ ಲ್ಯಾಪ್‌ಟಾಪನ್ನು ಅಣ್ಣನ ತಟ್ಟೆಯ ಪಕ್ಕಕ್ಕೆ ತಳ್ಳಿದಳು. ಪರದೆಯ ಮೇಲೆ ಕೆಂಪು ಜೆರ್ಸಿ ತೊಟ್ಟ ಗಿಡ್ಡ ಆಟಗಾರನೊಬ್ಬ ಇಬ್ಬರು ದೈತ್ಯರ ನಡುವೆ ನುಸುಳಿ, ಚೆಂಡು ಹಿಡಿದವನನ್ನು ಕೆಡವಿದ. ಆಮೇಲೆ ತಾನೇ ಅವನನ್ನು ಕೈಹಿಡಿದು ಎಬ್ಬಿಸಿದ.

ಎವರೆಟ್ ನೋಡಲಿಲ್ಲ. ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಫೋರ್ಕಿನಿಂದ ಚುಚ್ಚುತ್ತಾ ಕೂತಿದ್ದ. ಅವನು ಟೋರ್ವಾಲ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಎರಡು ವರ್ಷದಿಂದ ಬೆಂಚಿನ ಮೇಲೇ ಕೂತಿದ್ದವನು. ಅವನ ಜಾಗದ ಹಿರಿಯ ಆಟಗಾರನ ಕಾಲು ಉಳುಕಿದ್ದರಿಂದ ಈ ಶನಿವಾರ ಮೊದಲ ನಿಮಿಷದಿಂದಲೇ ಅವನು ಆಡಬೇಕಿತ್ತು. ಒಂದು ಕೈ ನೆಲಕ್ಕೂರಿ ಮುಂದಿನ ಸಾಲಿನಲ್ಲಿ ಬಗ್ಗಿ ನಿಲ್ಲುವುದು, ಚೆಂಡಿನ ಮೇಲೆ ನುಗ್ಗಿ ಬರುವವರನ್ನು ತಡೆಯುವುದು ಅವನ ಕೆಲಸ. ನುಗ್ಗಿ ಬರುವವನು ಇದೇ ಐವತ್ನಾಲ್ಕು, ಮೈಲ್ಸ್ ಡ್ರೆಸೆನ್.

ಡ್ರೆಸೆನ್ ಪ್ರತಿ ಸಲವೂ ಎದುರಿನವರ ಬೆರಳನ್ನೇ ನೋಡುತ್ತಾನೆ ಎಂದಳು ಬ್ರಿಟ್ಟಾ. ಯಾಕೆಂದು ತಿಳಿಯಲು ಅವಳೇ ಅಡುಗೆಮನೆಯ ನೆಲದ ಮೇಲೆ ಕೈಯೂರಿ ನೋಡಿದ್ದಳು. ಮುಂದೆ ನುಗ್ಗಬೇಕೆಂದರೆ ಭಾರವೆಲ್ಲ ಕೈಗೆ ಬರುತ್ತದೆ, ಉಗುರು ಬೆಳ್ಳಗಾಗುತ್ತದೆ. ಹಿಂದೆ ಸರಿಯಬೇಕೆಂದರೆ ಕೈ ಹಗುರವಾಗಿಯೇ ಇರುತ್ತದೆ.

"ಅಷ್ಟು ಸಾಕು ಅವನಿಗೆ. ಆರು ಮ್ಯಾಚ್ ನೋಡಿದೀನಿ, ಎವ್. ಅವನು ಎಷ್ಟು ಚೆನ್ನಾಗಿ..."

"ನೀನು ಯಾರ ಕಡೆ ಅಂತ ಮೊದ್ಲು ಹೇಳು." ಎವರೆಟ್ ತಟ್ಟೆ ಬಿಟ್ಟು ಎದ್ದ.

ಮೇಜಿನ ಆಚೆ ಬದಿ ಕೂತಿದ್ದ ಅಜ್ಜ ನಕ್ಕರು. "ಆ ಗಿಡ್ಡನಿಗೆ ನಿನ್ನ ಮೊಣಕಾಲೇ ಸಾಕು ಕಣೋ. ಬೂಟಿನ ಕೆಳಗೆ ಸಿಕ್ಕಿ ಅಪ್ಪಚ್ಚಿ ಆಗದಿದ್ರೆ ಪುಣ್ಯ."

ಎವರೆಟ್ ಮೆಟ್ಟಿಲು ಹತ್ತಿದ. ಮೇಲೆ ಬಾಗಿಲು ಮುಚ್ಚಿದ ಸದ್ದಾಯಿತು.

ಈ ಮ್ಯಾಚಿನಿಂದಾಗಿ ಟೋರ್ವಾಲ್ ಊರಿಗೆ ವರ್ಷಕ್ಕೊಂದು ವಾರ ತಲೆ ಕೆಡುತ್ತದೆ. ಆ ವಾರ ನದಿಯಾಚೆಯ ಕಾಲೇಜಿನ ಹೆಸರನ್ನು ಯಾರೂ ಬಾಯಲ್ಲಿ ಹೇಳುವಂತಿಲ್ಲ, 'ಆಚೆ ದಡದವರು' ಎನ್ನಬೇಕು. ಅವರ ಬಣ್ಣ ಕೆಂಪು, ಆದ್ದರಿಂದ ಕೆಂಪು ಬಟ್ಟೆ ತೊಡುವಂತಿಲ್ಲ. ಹೋಟೆಲಿನವರು ಕೆಚಪ್ ಬಾಟಲಿಗಳನ್ನೂ ಒಳಗಿಟ್ಟು ಬರೀ ಸಾಸಿವೆ ಸಾಸ್ ಕೊಡುತ್ತಾರೆ. ದೊಡ್ಡವರೇ ಹೀಗಾಡಿದರೆ ಮಕ್ಕಳ ಪಾಡು ಕೇಳಬೇಕೇ?

ಪ್ರತಿ ಮ್ಯಾಚಿನ ಹಿಂದಿನ ಶುಕ್ರವಾರ ಬೆಳಿಗ್ಗೆ ಶಾಲೆಯ ಮೈಕಿನಲ್ಲಿ ಐದನೇ ಕ್ಲಾಸಿನ ಒಬ್ಬರು 'ಎದುರಾಳಿ ವರದಿ' ಓದಬೇಕು. ಊರಿನ ರೇಡಿಯೋ ಅದನ್ನು ಊರಿಗೆಲ್ಲ ಕೇಳಿಸುತ್ತದೆ. ಹೋದ ವರ್ಷ ಇದೇ ವಾರ ಓದಿದ ಹುಡುಗ ಆಚೆ ದಡದವರನ್ನು ಬೇಯಿಸಿದ ಕುಂಬಳಕಾಯಿ ಎಂದು ಕರೆದಿದ್ದ. ಬೇಕರಿಯವರು ಖುಷಿಯಾಗಿ ಅವನಿಗೆ ಒಂದು ಡಜನ್ ಡೋನಟ್ ಕೊಟ್ಟಿದ್ದರು.

ಈ ವಾರ ಬ್ರಿಟ್ಟಾಳ ಸರದಿ. ಗುರುವಾರ ಅವಳು ಎರಡು ವರದಿ ಬರೆದಳು. ಒಂದರಲ್ಲಿ ಕುಂಬಳಕಾಯಿಗಿಂತ ಒಳ್ಳೆಯ ಬೈಗುಳವಿತ್ತು. ಅದನ್ನು ಓದಿದರೆ ಅಣ್ಣನ ಸಿಟ್ಟು ಇಳಿಯಬಹುದಿತ್ತು. ಇನ್ನೊಂದನ್ನು ಓದಿದರೆ ಅವನು ತನ್ನ ಜೊತೆ ಮಾತೇ ಬಿಡುತ್ತಾನೇನೋ ಎಂದು ಅವಳಿಗೆ ಹೆದರಿಕೆ. ಆದರೂ ಓಕರ್ಲಂಡ್ ಮಿಸ್ಸಿನ ಕೈಗೆ ಕೊಟ್ಟಿದ್ದು ಎರಡನೆಯದನ್ನೇ.

ಮಿಸ್ ಅದನ್ನು ಎರಡು ಸಲ ಓದಿದರು. "ಇದರಲ್ಲಿರೋದೆಲ್ಲ ನಿಜಾನಾ?"

"ನಾನು ನೋಡಿದ್ದನ್ನೇ ಬರ್ದಿದೀನಿ, ಮಿಸ್."

"ಹಾಗಾದ್ರೆ ಓದು. ನಿಧಾನವಾಗಿ ಓದು."

ಬ್ರಿಟ್ಟಾ ಮೈಕಿನ ಮುಂದೆ ನಿಂತು ನಿಧಾನವಾಗಿಯೇ ಓದಿದಳು.

"ಈ ಶನಿವಾರ ನಮ್ಮ ಎದುರಾಳಿ ಹ್ಯಾಡ್ಲಿ ಕಾಲೇಜು. ಅವರ ಐವತ್ನಾಲ್ಕನೇ ನಂಬರಿನ ಮೈಲ್ಸ್ ಡ್ರೆಸೆನ್ ತಂಡದಲ್ಲೇ ಗಿಡ್ಡ. ತುಂಬ ವೇಗವಾಗಿ ಓಡುವವನೂ ಅಲ್ಲ. ಆದರೆ ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಅವನು ಮೊದಲೇ ಇರುತ್ತಾನೆ. ತಾನು ಕೆಡವಿದವರನ್ನು ತಾನೇ ಎಬ್ಬಿಸುತ್ತಾನೆ. ಒಂದು ಮ್ಯಾಚಿನಲ್ಲಿ ಅವರು ಮೂವತ್ತು ಪಾಯಿಂಟ್ ಹಿಂದಿದ್ದರು. ಕೊನೆಯ ನಿಮಿಷದಲ್ಲೂ ಅವನು ಮೊದಲ ನಿಮಿಷದ ಹಾಗೆಯೇ ಓಡಿದ. ಅವನ ಎದುರು ಆಡುವುದು ತುಂಬ ಕಷ್ಟ. ಅವನು ಚೆನ್ನಾಗಿ ಆಡುತ್ತಾನೆ."

ಬೆರಳಿನ ವಿಷಯವನ್ನು ಮಾತ್ರ ಅವಳು ಬರೆದಿರಲಿಲ್ಲ. ಅದು ಅಣ್ಣನಿಗೆಂದು ಇಟ್ಟುಕೊಂಡದ್ದು.

ಅವಳು ಕ್ಲಾಸಿಗೆ ಬಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಊಟದ ಸಾಲಿನಲ್ಲಿ ಅವಳ ಕ್ಲಾಸಿನ ಡಾಸನ್, "ಕೆಂಪು ಜೆರ್ಸಿ ಯಾವಾಗ ತಗೋತೀಯ?" ಎಂದು ಕೇಳಿದ. ಅವಳು ಹ್ಯಾಡ್ಲಿ ಎಂಬ ಹೆಸರನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಇಬ್ಬರು ಹುಡುಗಿಯರು ಟ್ರೇ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ಬ್ರಿಟ್ಟಾಳಿಗೆ ಅಳು ಬಂತು. ಹಾಲಿನ ಡಬ್ಬಿಯ ಮೇಲಿನ ಅಕ್ಷರಗಳನ್ನೆಲ್ಲ ಓದುತ್ತಾ ಅದನ್ನು ತಡೆದುಕೊಂಡಳು.

ಶಾಲೆ ಬಿಟ್ಟಾಗ ಗೇಟಿನ ಮುಂದೆ ಎವರೆಟ್‌ನ ಹಳೆಯ ಪಿಕಪ್ ನಿಂತಿತ್ತು. ಎಂದೂ ಕರೆದೊಯ್ಯಲು ಬಾರದವನು ಇಂದು ಬಂದಿದ್ದಾನೆಂದರೆ ಬೈಗುಳ ಕಾದಿದೆ ಎಂದುಕೊಂಡು ಅವಳು ಹತ್ತಿ ಕೂತಳು. ಅವನು ಗಾಡಿ ಶುರು ಮಾಡಲಿಲ್ಲ.

"ಬೆಳಿಗ್ಗೆ ತಿಂಡಿ ತಿನ್ನೋವಾಗ ಟೀಮ್‌ನೋರೆಲ್ಲ ನಿನ್ನ ವರದಿ ಕೇಳಿದ್ವಿ," ಎಂದ.

"ಬೈದ್ರಾ?"

"ಕೆಲವರು ಬೈದ್ರು." ಅವನು ಸ್ಟಿಯರಿಂಗನ್ನೇ ನೋಡುತ್ತಿದ್ದ. "ಇಡೀ ವಾರ ಎಲ್ಲರೂ ಒಂದೇ ಮಾತು ಹೇಳಿದ್ರು ನಂಗೆ. ಅವನು ಗಿಡ್ಡ, ಅವನಿಂದ ಏನೂ ಆಗಲ್ಲ. ಅಜ್ಜ ಹೇಳಿದ್ರು, ಬೇಕರಿಯೋರೂ ಹೇಳಿದ್ರು. ನಾನೂ ಅವನ ಮ್ಯಾಚ್ ನೋಡಿದೀನಿ, ಬ್ರಿಟ್ಟಾ. ನಿನಗಿಂತ ಜಾಸ್ತೀನೇ ನೋಡಿದೀನಿ. ನಿನ್ನ ವರದಿ ಕೇಳೋವರೆಗೂ, ಏನೂ ಅಲ್ಲದೋನಿಗೆ ನಾನೊಬ್ನೇ ಹೆದರ್ತಿದೀನಿ ಅಂದ್ಕೊಂಡಿದ್ದೆ."

ಬ್ರಿಟ್ಟಾ ಸೀಟಿನ ಹರಿದ ಅಂಚನ್ನು ಕೀಳುತ್ತಾ ಕೂತಳು.

"ಆ ಬೆರಳಿನ ವಿಷಯ ಮಾತ್ರ ನಂಗೆ ಕಂಡಿರ್ಲಿಲ್ಲ," ಎಂದ ಎವರೆಟ್. "ಅದನ್ನು ತೋರಿಸು."

ಮನೆಯ ಹಿತ್ತಲಿನಲ್ಲಿ ಅವನು ಹುಲ್ಲಿನ ಮೇಲೆ ಕೈಯೂರಿ ಬಗ್ಗಿದ. ಬ್ರಿಟ್ಟಾ ನಾಲ್ಕು ಹೆಜ್ಜೆ ದೂರದಲ್ಲಿ ಡ್ರೆಸೆನ್ ಹಾಗೆ ನಿಂತು, ಅವನ ಉಗುರು ನೋಡಿ, "ನುಗ್ತೀಯ", "ಸರೀತೀಯ" ಎಂದು ಕೂಗತೊಡಗಿದಳು. ಮೊದಲ ಹತ್ತು ಸಲವೂ ಅವಳು ಹೇಳಿದ್ದು ಸರಿಯಾಯಿತು. ಆಮೇಲೆ ಅವನು ನುಗ್ಗುವಾಗಲೂ ಸರಿಯುವಾಗಲೂ ಭಾರವನ್ನು ಒಂದೇ ಸಮ ಇಡಲು ಕಲಿಯತೊಡಗಿದ. ಅವಳ ಊಹೆ ತಪ್ಪತೊಡಗಿತು.

ಅಜ್ಜ ಹಿಂಬಾಗಿಲಿಗೆ ಬಂದು ನಿಂತರು. ಆ ಗಿಡ್ಡನಿಗಾಗಿ ಇಷ್ಟೊಂದು ಯಾಕೆ ಬೆವರು ಸುರಿಸುತ್ತೀಯ ಎಂದು ಕೇಳಿದರು.

"ಇಲ್ಲ ಅಜ್ಜ. ಅವನು ಚೆನ್ನಾಗಿ ಆಡ್ತಾನೆ," ಎಂದ ಎವರೆಟ್.

ಅಜ್ಜ ಮೊಮ್ಮಗನ ಮುಖ ನೋಡಿ ಒಳಗೆ ಹೋದರು. ಎವರೆಟ್ ಅಂಗೈಯ ಮಣ್ಣು ಒರೆಸಿಕೊಂಡ.

"ನಿಜ ಹೇಳು. ನಾಳೆ ಅವನನ್ನು ತಡೆಯೋಕೆ ಆಗತ್ತಾ ನನ್ನ ಕೈಲಿ?"

ಆಗೇ ಆಗತ್ತೆ ಎನ್ನಲು ಬ್ರಿಟ್ಟಾಳಿಗೆ ತುಂಬ ಆಸೆಯಾಯಿತು. ಅವಳು ಆರು ಮ್ಯಾಚುಗಳನ್ನು ನೆನಪು ಮಾಡಿಕೊಂಡಳು.

"ಎಲ್ಲಾ ಸಲ ಆಗಲ್ಲ. ಕೆಲವು ಸಲ ಆಗತ್ತೆ."

ಎವರೆಟ್ ಜೋರಾಗಿ ನಕ್ಕ. ಆ ವಾರ ಅವನು ನಕ್ಕಿದ್ದು ಅದೇ ಮೊದಲು. "ಕೆಲವು ಸಲ," ಎಂದು ತನಗೇ ಹೇಳಿಕೊಂಡು, ಮತ್ತೆ ಹುಲ್ಲಿನ ಮೇಲೆ ಕೈಯೂರಿದ.

ತಾನು ಕೊಟ್ಟ ಧೈರ್ಯ ಊರವರೆಲ್ಲ ಕೊಟ್ಟಿದ್ದಕ್ಕಿಂತ ತುಂಬ ಚಿಕ್ಕದು ಎಂದು ಬ್ರಿಟ್ಟಾಳಿಗೆ ಗೊತ್ತಿತ್ತು. ಆದರೆ ಇದನ್ನು ಅಣ್ಣ ನಂಬಿದ್ದ. ಅವಳು ನಾಲ್ಕು ಹೆಜ್ಜೆ ಹಿಂದೆ ಹೋಗಿ, ಮೈಲ್ಸ್ ಡ್ರೆಸೆನ್ ಹಾಗೆ ಮೊಣಕಾಲು ಬಗ್ಗಿಸಿ ನಿಂತಳು.