ಅವನು ತೆಗೆಯದ ಮುಖ

“ನೀವು ಸ್ವಲ್ಪ ಪಕ್ಕಕ್ಕೆ ನಿಲ್ಲಿ.”

ಅವಳು ಆಗಷ್ಟೇ ತೋಳಿನಿಂದ ಮುಖ ಒರೆಸಿಕೊಂಡು ಕ್ಯಾಮೆರಾದ ಮುಂದೆ ನಿಂತಿದ್ದಳು. ಕಲ್ಲು ಪಾಲಿಶ್ ಮಾಡುವ ಶೆಡ್ಡಿನ ಗೇಟಿನಲ್ಲಿ, ಜೊತೆಯವರೆಲ್ಲರ ಎದುರಿಗೆ ಅವಳನ್ನು ಸರಿಸಿ, ಹಿಂದಿದ್ದ ಮುದುಕನ ಫೋಟೋ ತೆಗೆದ ಅವನು!

ಮುಖಕ್ಕೆ ಹೊಡೆದ ಹಾಗಾಯಿತು ಅವಳಿಗೆ.

“ಅಷ್ಟು ಕೆಟ್ಟದಾಗಿದೀನಾ ನಾನು?”

ಅವನು ಲೆನ್ಸಿಗೆ ಮುಚ್ಚಳ ಹಾಕಿ ಹೊರಟೇಬಿಟ್ಟ.

ಆ ಬೀದಿಯಲ್ಲಿ ಅವನ ಅಡ್ಡಹೆಸರೇ ‘ಕ್ಯಾಮೆರಾ’. ಕೆಲಸ ಮುಗಿಸಿ ಬರುವವರನ್ನು ಧೂಳು ಮೆತ್ತಿದ ಮುಖದಲ್ಲೇ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದ. ಮುಂದಿನ ವಾರ ಪ್ರಿಂಟ್ ತಂದು ಅವರ ಕೈಗೇ ಕೊಡುತ್ತಿದ್ದ. ಕಲ್ಲು ಕೊಯ್ಯುವವರು, ಲಾರಿಗೆ ತುಂಬುವವರು, ಗೇಟು ಕಾಯುವವನು… ಅವಳೊಬ್ಬಳನ್ನು ಬಿಟ್ಟು ಎಲ್ಲರದ್ದೂ ಆಗಿತ್ತು.

ಹಾಗಂತ ತಾತ್ಸಾರವೂ ಅಲ್ಲ! ಅವಳು ಕೆಮ್ಮಿದರೆ ನೀರಿನ ಬಾಟಲಿ ಹಿಡಿದು ಓಡಿ ಬರುತ್ತಿದ್ದವನು ಅವನೇ. ಆಮೇಲಾಮೇಲೆ ಸಂಜೆ ಅವಳ ಮನೆಯ ತಿರುವಿನವರೆಗೂ ಜೊತೆಗೆ ನಡೆದ. ಮಾತು ಮಾತ್ರ ಅಳೆದು ತೂಗಿ. ಅಂಥವನಿಗೆ ಮನಸ್ಸು ಕೊಟ್ಟು ಕೂತಿದ್ದಳು ಹುಚ್ಚಿ.

“ಕ್ಯಾಮೆರಾ ಒಡೆದುಹೋದೀತು ಅಂತ ಹೆದರಿಕೆ ಇರಬೇಕು ಬಿಡೇ!” ಅಂತ ಅತ್ತಿಗೆ ರೇಗಿಸಿದಳು.

ಅವಳೂ ನಕ್ಕಳು. ಒಳಗೆ ಮಾತ್ರ ಚುಚ್ಚಿತು. ‘ಜೊತೆಗೆ ನಡೆಯೋಕೆ ಆಗ್ತೀನಿ, ನೋಡೋಕೆ ಆಗಲ್ಲ…’

ಕೆಮ್ಮಿನಲ್ಲಿ ರಕ್ತ ಕಂಡ ದಿನ ಅತ್ತಿಗೆಯೇ ಆಸ್ಪತ್ರೆಗೆ ಎಳೆದೊಯ್ದಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. “ಒಳಗೆ ಸೇರಿರೋ ಕಲ್ಲಿನ ಧೂಳು ಹೋಗಲ್ಲಮ್ಮ. ಹೊಸದು ಸೇರಬಾರದು. ಆ ಕೆಲಸ ಇವತ್ತೇ ಬಿಡಿ.”

“ಬಿಟ್ರೆ ಎಷ್ಟು ವರ್ಷ ಇರ್ತೀನಿ?”

ಅವರು ಪೆನ್ನಿನ ಕ್ಯಾಪ್ ಹಾಕಿದರು. ಅದೇ ಶೆಡ್ಡಿನಲ್ಲಿ ದುಡಿದು ತೀರಿಕೊಂಡ ಅಪ್ಪನಿಗೂ ಹೀಗೇ ಆಗಿತ್ತು.

ಅತ್ತಿಗೆಯನ್ನು ಮನೆಗೆ ಕಳಿಸಿ, ಅವಳು ನೆಟ್ಟಗೆ ಅವನ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಗೋಡೆಯ ತುಂಬ ಮುಖಗಳು… ಅಪ್ಪ! ಪಕ್ಕದಲ್ಲಿ ಅವತ್ತು ಗೇಟಿನಲ್ಲಿ ನಿಂತಿದ್ದ ಮುದುಕ. ಹೋದ ತಿಂಗಳು ಅವನೂ ತೀರಿಕೊಂಡಿದ್ದ. ಎಣಿಸಬೇಕಾಗಿಯೇ ಇರಲಿಲ್ಲ, ಅಲ್ಲಿದ್ದವರು ಒಬ್ಬರೂ ಉಳಿದಿರಲಿಲ್ಲ.

“ಎಲ್ಲರೂ ನಾನು ತೆಗೆದವರೇ,” ಅವನ ದನಿ ಹಿಂದಿನಿಂದ ಬಂತು. “ಕೊಟ್ಟ ಫೋಟೋ ವಾಪಸ್ ಬರುತ್ತೆ… ದೊಡ್ಡದು ಮಾಡ್ಕೊಡಿ, ಗೋಡೆಗೆ ಹಾಕ್ಬೇಕು ಅಂತಾರೆ. ನಿಮ್ಮ ಅಪ್ಪನದೂ ನಾನೇ ಮಾಡ್ಕೊಟ್ಟೆ. ಆಮೇಲೆ ನೀವು ಬಂದು ಎದುರಿಗೆ ನಿಂತ್ರಿ… ಅದೇ ಕಣ್ಣು, ಅದೇ ಕೆಮ್ಮು. ಬಟನ್ ಒತ್ತೋಕೆ ಕೈ ಬರಲಿಲ್ಲ ನಂಗೆ.”

ಇಷ್ಟು ದಿನ ಇದನ್ನಾ ಅವಳು ಅವಮಾನ ಅಂದುಕೊಂಡಿದ್ದು?

“ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಷ್ಟೇ ರೀ! ಕೊಂದಿದ್ದು ಧೂಳು. ನಿಮ್ಮ ಡಬ್ಬ ಅಲ್ಲ.”

“ಗೊತ್ತು. ಮನಸ್ಸು ಕೇಳಬೇಕಲ್ಲ?”

ಅವಳು ಕವರಿನಿಂದ ಎಕ್ಸ್‌ರೇ ತೆಗೆದು ಕಿಟಕಿಯ ಬಿಸಿಲಿಗೆ ಹಿಡಿದಳು.

“ನೋಡಿ, ಇರೋದು ಇದೊಂದೇ ಫೋಟೋ. ಚೆನ್ನಾಗಿ ಬಂದಿದೀನಾ?”

ಎದೆಯ ಎರಡೂ ಕಡೆ ಬಿಳಿ ಬಿಳಿ ಚುಕ್ಕೆ. ಅವನು ಗೋಡೆ ಹಿಡಿದು ನೆಲಕ್ಕೆ ಕುಸಿದ. ಅಷ್ಟು ಜನರ ಸಾವಿಗೂ ಅಳದವನು ಬಿಕ್ಕಿ ಬಿಕ್ಕಿ ಅತ್ತ.

“ತೆಗೀದಿದ್ರೆ ನೀವು ಉಳೀತೀರ ಅಂದ್ಕೊಂಡಿದ್ದೆ… ನಿಮ್ಮನ್ನ ಪ್ರೀತಿಸ್ತೀನಿ ಕಣ್ರೀ.”

ಈ ಮಾತಿಗೆ ಎಷ್ಟು ಕಾದಿದ್ದಳು! ಇಂಥ ದಿನವೇ ಬರಬೇಕಿತ್ತಾ ಅದು? ಪಕ್ಕದಲ್ಲಿ ಕೂತು ಅವನ ಕೈ ಹಿಡಿದಳು. ಅವಳಿಗೆ ಅರಿವಿಲ್ಲದೇ ಬಹುವಚನ ಬಿದ್ದುಹೋಗಿತ್ತು.

“ಹೋಗೋದು ಇವತ್ತೋ, ಇನ್ನು ಹತ್ತು ವರ್ಷಕ್ಕೋ, ಯಾರಿಗೆ ಗೊತ್ತು? ಅಲ್ಲೀವರೆಗೂ ಹೀಗೇ ಮುಖ ತಿರುಗಿಸ್ಕೊಂಡು ಇರ್ತೀಯಾ ನೀನು?”

“ನಾಳೆಯಿಂದ ಶೆಡ್ಡಿಗೆ ಹೋಗಬೇಡ.”

“ಹೋಗಲ್ಲ. ಏಳು, ಕ್ಯಾಮೆರಾ ತಗೋ.”

ಅವನು ಕಣ್ಣೊರೆಸಿಕೊಂಡು ಎದ್ದ. ಕ್ಯಾಮೆರಾ ಎತ್ತಿಕೊಂಡು ಲೆನ್ಸಿನ ಮುಚ್ಚಳ ತೆಗೆದ. ಅವಳು ಕಿಟಕಿಯ ಪಕ್ಕ ನೆಟ್ಟಗೆ ನಿಂತಳು.

“ಆಸ್ಪತ್ರೆಯಲ್ಲಿ ಉಸಿರು ಬಿಗಿ ಹಿಡ್ಕೊಳ್ಳಿ ಅಂದ್ರು. ಇಲ್ಲೂ ಹಿಡ್ಕೋಬೇಕಾ?”

“ಬೇಡ…” ಅವನು ಮೊದಲ ಸಲ ಲೆನ್ಸಿನ ಮೂಲಕ ಅವಳನ್ನು ನೋಡಿದ. “ನೀನು ಉಸಿರಾಡ್ತಾನೇ ಇರು.”