ಕಾಣೆಯಾದ ರಿಲೇ

ಮಧುರಾ ಕಾರಿನ ಬಾನೆಟ್ ಎತ್ತಿ, ಒಳಗಿನ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಪಕ್ಕದಲ್ಲೇ ಕಾರಿನ ಮಾಲೀಕ ವಿಷ್ಣುಮೂರ್ತಿ, ಅವರ ಹೆಂಡತಿ ಜಯಲಕ್ಷ್ಮಿ ನಿಂತಿದ್ದರು.

ಆಯುಧಪೂಜೆಗೆಂದು ಎಲೆಕ್ಟ್ರಿಷಿಯನ್ ಚಂದು ಆ ಕಾರಿಗೆ ಫಾಗ್ ಲೈಟ್ ಹಾಕಿಕೊಟ್ಟಿದ್ದ. ವಾರ ಕಳೆದ ಮೇಲೆ, ನಿನ್ನೆ, ವೈರೆಲ್ಲ ಸುಟ್ಟು ಕರಗಿತು. ವಿಷ್ಣುಮೂರ್ತಿ ಅವನನ್ನು ಕೀಲ್ಪಾಕಿನ ಮನೆ ಮುಂದಿನ ಬೀದಿಯಲ್ಲೇ ಕಳ್ಳನೆಂದು ಜರೆದು ಕಪಾಳಕ್ಕೆ ಬಾರಿಸಿದ್ದರು. ಬಾಲ್ಕನಿಯಿಂದ ನೋಡಿಯೂ ಮಧುರಾ ಕೆಳಗಿಳಿದಿರಲಿಲ್ಲ. ಆ ನಾಚಿಕೆ ಅವಳನ್ನು ಇನ್ನೂ ಬಿಟ್ಟಿರಲಿಲ್ಲ.

"ಸಾಕು, ಒರೆಸಬೇಡ!" ಮೆಟ್ಟಿಲಿಳಿದು ಬಂದ ವಾಸಂತಿ ಅತ್ತೆ ಕೈ ಹಿಡಿದರು. ಇನ್ಷೂರೆನ್ಸ್ ಆಫೀಸಿನಲ್ಲಿ ಸುಳ್ಳು ಕ್ಲೈಮುಗಳನ್ನು ಜಾಲಾಡಿ ನಿವೃತ್ತರಾದವರು; ಆ ವಠಾರಕ್ಕೆಲ್ಲ ಅತ್ತೆಯೂ ಪತ್ತೇದಾರರೂ ಅವರೇ. ಎಂಟನೆಯ ತರಗತಿಗೇ ಶಾಲೆ ಬಿಟ್ಟ ಮಧುರಾ ಈ ಕೆಲಸದಲ್ಲಿ ಅವರ ಜೊತೆಗಾತಿ.

"ರಿಲೇ ಹಾಕ್ತೀನಿ ಅಂತ ದುಡ್ಡು ತಗೊಂಡವನು ಹಾಕೇ ಇಲ್ಲ," ಎಂದರು ವಿಷ್ಣುಮೂರ್ತಿ. "ಸ್ವಿಚ್ಚಿಂದ ನೇರ ಲೈಟಿಗೆ ಎಳೆದಿದಾನೆ, ಮೋಸಗಾರ!"

"ಲೈಟಿನ ಭಾರ ಹೊರೋದು ರಿಲೇ. ಅದಿಲ್ದೆ ಸ್ವಿಚ್ಚಿನ ಸಣ್ಣ ವೈರು ಸುಡದೆ ಇರತ್ತಾ?" ಎಂದರು ಅತ್ತೆ.

ಅಷ್ಟರಲ್ಲಿ ಗೇಟಿನಲ್ಲಿ ಹಾರ್ನ್ ಗುಡುಗಿತು. ವಿಷ್ಣುಮೂರ್ತಿಯ ತಮ್ಮ ಬದರಿನಾಥ ಬೈಕಿನಲ್ಲಿ ಬಂದ.

"ಏನೋ ಬದರಿ, ಮೇಕೆ ಥರ ಅರಚ್ತಿದ್ದ ಹಾರ್ನು ಲಾರಿ ಆಗ್ಬಿಟ್ಟಿದೆ!" ಎಂದರು ಅತ್ತೆ.

"ಹೊಸ ಹಾರ್ನ್ ಅತ್ತೆ, ಚೆನ್ನಾಗಿದ್ಯಾ, ಸೂಪರಾ ಇರುಕ್ಕಾ?" ಎಂದ ಅವನು ತಮಿಳು ಬೆರೆಸಿ.

ಮಧುರಾ ಮೆಲ್ಲಗೆ ಬಾನೆಟ್ಟಿನೊಳಗೆ ಬೆರಳು ತೋರಿಸಿದಳು. ತಗಡಿನ ಮೇಲೆ ಒಣಗಿದ ಗಂಧದ ಗೀಟು. ನಡುವೆ ಬೆಂಕಿಪೊಟ್ಟಣದಷ್ಟು ಜಾಗ ಮಾತ್ರ ಬರಿದಾಗಿತ್ತು.

"ಪೂಜೆಯ ದಿನ ನಾನೇ ಒಂದೇ ಸಮ ಎಳೆದಿದ್ದೆ," ಎಂದರು ಜಯಲಕ್ಷ್ಮಿ.

ಅತ್ತೆ ಬೈಕಿನ ಬಳಿ ಕೂತು ಟ್ಯಾಂಕಿನಡಿ ನೋಡಿದರು. ಆಮೇಲೆ ಮಧುರಾಳನ್ನು ಕಳಿಸಿ ಚಂದುವನ್ನು ಕರೆಸಿ, ಎಲ್ಲರನ್ನೂ ವರಾಂಡದಲ್ಲಿ ಕೂರಿಸಿದರು. ಚಂದು ಕೂರಲಿಲ್ಲ.

"ಗಂಧ ಹಚ್ಚುವಾಗ ಆ ಜಾಗದಲ್ಲಿ ಏನೋ ಇತ್ತು. ಗೀಟು ಅದರ ಮೇಲೇ ಹಾದುಹೋಯ್ತು. ಅಂದ್ರೆ ಚಂದು ರಿಲೇ ಹಾಕಿದ್ದ. ಪೂಜೆ ಆದಮೇಲೆ ಯಾರೋ ಬಿಚ್ಚಿದ್ರು. ಬದರಿ, ಹಬ್ಬದ ದಿನ ನಿನ್ನ ಬೈಕ್ ಎಲ್ಲಿತ್ತು?"

"ವಡಪಳನೀಲಿ, ರಿಪೇರಿ ಶೆಡ್ಡಲ್ಲಿ..."

"ಇಂಥ ಜೋರು ಹಾರ್ನಿಗೂ ರಿಲೇ ಬೇಕು. ಇಲ್ಲಿನ ಪೂಜೆಯನ್ನೇ ಕಾಣದ ಬೈಕಿನ ಟ್ಯಾಂಕಿನಡಿಯ ರಿಲೇ ಮೇಲೆ ನಿಮ್ಮತ್ತಿಗೆ ಹಚ್ಚಿದ ಗಂಧ ಹೇಗೆ ಬಂತು?"

ಬದರಿನಾಥನ ಮುಖ ಕಪ್ಪಿಟ್ಟಿತು. "ರಿಲೇ ತರೋಕೆ ಪ್ಯಾರೀಸ್ ಕಾರ್ನರ್ ಅಂಗಡಿಗಳವರೆಗೂ ಯಾರು ಹೋಗ್ತಾರೆ ಅಂತ... ಲೈಟ್ ಹತ್ತದಿದ್ರೆ ಅಣ್ಣಂಗೆ ಗೊತ್ತಾಗತ್ತಲ್ಲ, ವೈರ್ ನೇರ ಸೇರಿಸ್ಬಿಟ್ಟೆ."

"ನಿನ್ನೆ ಚಂದುಗೆ ಹೊಡೆಯುವಾಗ ನೀನೂ ಅಲ್ಲೇ ಇದ್ಯಲ್ಲೋ!" ಜಯಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಕಾಫಿ ಕುಡಿತೀಯಾ, ಚಂದು?" ಎಂದರು ವಿಷ್ಣುಮೂರ್ತಿ, ಸಣ್ಣ ದನಿಯಲ್ಲಿ.

"ಬೇಡ, ಸಾರ್. ನಿನ್ನೆಯಿಂದ ಈ ಬೀದೀಲಿ ನನಗೆ ಯಾರೂ ಕೆಲಸ ಕೊಡ್ತಿಲ್ಲ. ಹೊರಗೆ ಬಂದು, ನಾನು ಕಳ್ಳ ಅಲ್ಲ ಅಂತ ಎಲ್ಲರ ಮುಂದೆ ಒಂದ್ಸಲ ಹೇಳಿ."

ಯಾರೂ ಏಳಲಿಲ್ಲ.